ಕಾರವಾರದ ಗಾಳಿಯೂ ಚೆಂಡಿನ ಹೊಲಿಗೆಯೂ

ಎಲ್ಲರಿಗೂ ನಮಸ್ಕಾರ. ಬೇಸಿಗೆ ಶಿಬಿರದ ಮಕ್ಕಳು, ಅವರನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು, ಅಂಕೋಲಾ, ಕುಮಟಾ ಕಡೆಯಿಂದ ಬಂದ ಪಿ.ಟಿ. ಮಾಸ್ತರರು, ಘಟ್ಟ ಇಳಿದು ಬಂದ ಶಿರಸಿಯ ಹುಡುಗರು. ಇಷ್ಟೆಲ್ಲ ಜನ ಸ್ವಿಂಗ್ ಬೌಲಿಂಗ್, ಅಂದರೆ ಚೆಂಡನ್ನು ಗಾಳಿಯಲ್ಲೇ ಪಕ್ಕಕ್ಕೆ ವಾಲಿಸುವುದರ ಬಗ್ಗೆ ಕೇಳಲು ಕೂತಿರುವುದು ನೋಡಿ ಖುಷಿಯಾಯಿತು. ವೇಗದ ಬಗ್ಗೆ ಮಾತಾಡಿ ಅಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಈಗ ಹದಿಮೂರು ವರ್ಷದ ಹುಡುಗನೂ ಮೊದಲು ಕೇಳುವುದು, ‘ಸರ್, ನನ್ನ ಸ್ಪೀಡ್ ಎಷ್ಟು?’ ಸೀಮ್, ಅಂದರೆ ಚೆಂಡಿನ ಹೊಲಿಗೆ, ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ.

ಮಾಲಾದೇವಿ ಮೈದಾನದಲ್ಲಿ ಚೆಂಡು ಒಂಚೂರು ವಾಲಿದರೆ ಸಾಕು, ಬೌಂಡರಿ ಪಕ್ಕ ನಿಂತ ಹಿರಿಯರು ಅಂದುಬಿಡುತ್ತಾರೆ: ‘ಇವತ್ತು ಕಡಲ ಗಾಳಿ ಉಂಟು ಮಾರಾಯ.’ ಮೋಡ ಮುಚ್ಚಿದ್ದರೆ, ‘ಗಾಳಿ ಭಾರ ಆಗಿದೆ.’ ಬೌಲರ್ ಪಾಪ ಬೆವರು ಸುರಿಸಿ ಬೌಲ್ ಮಾಡಿರುತ್ತಾನೆ, ಹೆಸರು ಮಾತ್ರ ಅರಬ್ಬಿ ಸಮುದ್ರಕ್ಕೆ! ಈ ಗಾಳಿಯ ಲೆಕ್ಕವನ್ನು ಸ್ವಲ್ಪ ಸರಿಮಾಡೋಣ ಅಂತಲೇ ಬಂದಿದ್ದೇನೆ.

ಮೊದಲು ಈ ಭಾರದ ಮಾತು. ಸೆಕೆಯ ದಿನ ಮೈ ಅಂಟಂಟು, ಉಸಿರು ಭಾರ ಅನಿಸುತ್ತದೆ, ನಿಜ. ಆದರೆ ತೇವ ಜಾಸ್ತಿ ಇರುವ ಗಾಳಿ ಒಣ ಗಾಳಿಗಿಂತ ಹಗುರ. ನೀರಿನ ಅಣುವಿನ ತೂಕ 18, ಸಾರಜನಕದ್ದು 28, ಆಮ್ಲಜನಕದ್ದು 32. ಭಾರದವು ಹೋಗಿ ಆ ಜಾಗಕ್ಕೆ ಹಗುರದ್ದು ಬಂದರೆ ಒಟ್ಟು ಗಾಳಿ ಹಗುರವಾಗಲೇಬೇಕು, ಅಲ್ವಾ? ವ್ಯತ್ಯಾಸ ತೀರಾ ಸಣ್ಣದು, ಆದರೆ ಇರುವುದು ನಮ್ಮ ನಂಬಿಕೆಗೆ ಉಲ್ಟಾ. ಶಿರಸಿಯವರು ನಗಬೇಡಿ, ನಿಮ್ಮದೂ ಇದೆ. ನಿಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ನಮಗಿಂತ ನೂರಕ್ಕೆ ಐದಾರು ಪಾಲು ತೆಳು, ಸ್ವಿಂಗ್ ಮಾಡಿಸುವ ಬಲವೂ ಅಷ್ಟೇ ಕಡಿಮೆ. ಆದರೆ ನಿಮ್ಮಲ್ಲಿ ಬೆಳಗಿನ ಹೊತ್ತು ತಣ್ಣಗಿರುತ್ತದೆ, ತಣ್ಣನೆಯ ಗಾಳಿ ದಟ್ಟ. ಹಾಗಾಗಿ ಹೋದದ್ದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಜಗಳ ಬೇಡ.

ಹಾಗಾದರೆ ಚೆಂಡು ವಾಲುವುದು ಯಾಕೆ? ಓಡುವ ಚೆಂಡಿನ ಮೈಗೆ ಗಾಳಿಯ ಒಂದು ತೆಳು ಪದರ ಅಂಟಿಕೊಂಡಿರುತ್ತದೆ. ಕಾಳಿ ನದಿಯಲ್ಲಿ ನಡುವಿನ ನೀರು ಜೋರಾಗಿ ಹರಿಯುತ್ತದೆ, ದಡಕ್ಕೆ ತಾಗಿದ ನೀರು ನಿಧಾನ. ಚೆಂಡಿನ ಮೈಗೆ ತಾಗಿದ ಗಾಳಿಯೂ ಹಾಗೇ ನಿಧಾನ. ನುಣುಪಾದ ಬದಿಯಲ್ಲಿ ಈ ಪದರ ಶಾಂತವಾಗಿ ಜಾರುತ್ತದೆ. ಆದರೆ ಅದಕ್ಕೆ ತ್ರಾಣ ಕಡಿಮೆ, ಬೇಗ ಮೈ ಬಿಟ್ಟು ಹೋಗುತ್ತದೆ. ಇನ್ನೊಂದು ಬದಿಯಲ್ಲಿ ದಾರಿಗೆ ಅಡ್ಡವಾಗಿ ಹೊಲಿಗೆ ಇದೆ. ಪದರ ಹೊಲಿಗೆಗೆ ಎಡವಿ ಕಲಕಿಹೋಗುತ್ತದೆ. ಕಲಕಿದ ಪದರ ಹೊರಗಿನ ಜೋರು ಗಾಳಿಯಿಂದ ಬಲ ಎಳೆದುಕೊಂಡು, ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡೇ ಸಾಗುತ್ತದೆ. ಒಂದು ಬದಿಯ ಗಾಳಿ ಬೇಗ ಬಿಟ್ಟಿತು, ಇನ್ನೊಂದು ತಡವಾಗಿ ಬಿಟ್ಟಿತು. ಚೆಂಡಿನ ಹಿಂದಿನ ಗಾಳಿ ಒಂದು ಪಕ್ಕಕ್ಕೆ ಬಾಗಿತು, ಚೆಂಡು ಅದರ ವಿರುದ್ಧ ಪಕ್ಕಕ್ಕೆ, ಅಂದರೆ ಸೀಮ್ ತೋರಿಸುವ ಕಡೆಗೆ ಹೋಯಿತು. ಸೀಮ್ ಸ್ಲಿಪ್ ಕಡೆ ನೋಡಿದರೆ ಔಟ್‌ಸ್ವಿಂಗ್, ಅಂದರೆ ಬ್ಯಾಟ್ಸ್‌ಮನ್‌ನಿಂದ ಹೊರಗೆ; ಫೈನ್ ಲೆಗ್ ಕಡೆ ನೋಡಿದರೆ ಒಳಗೆ ಬರುವ ಇನ್‌ಸ್ವಿಂಗ್.

ಹೊಳಪು ಬೇಕಾಗುವುದೂ ಇದಕ್ಕೇ. ಸೀಮ್ ಇಲ್ಲದ ಬದಿಯಲ್ಲಿ ಪದರ ಶಾಂತವಾಗಿಯೇ ಇರಬೇಕು, ಅದಕ್ಕೆ ಆ ಬದಿ ನುಣುಪಾಗಿರಬೇಕು. ಬಲಗೈ ಬ್ಯಾಟ್ಸ್‌ಮನ್‌ಗೆ ಔಟ್‌ಸ್ವಿಂಗ್ ಹಾಕುವಾಗ ಹೊಳೆಯುವ ಬದಿ ಲೆಗ್ ಕಡೆ ಇರಲಿ, ಸವೆದದ್ದು ಆಫ್ ಕಡೆ.

ಇದನ್ನೆಲ್ಲ ಪ್ರಯೋಗಾಲಯದಲ್ಲಿ ಅಳೆದವರಲ್ಲಿ ರವೀಂದ್ರ ಮೆಹ್ತಾ ಮುಖ್ಯರು, ನಾಸಾದಲ್ಲಿ ಕೆಲಸ ಮಾಡಿದ ವಿಜ್ಞಾನಿ. ಇಂಗ್ಲೆಂಡಿನ ಶಾಲೆಯಲ್ಲಿ ಇಮ್ರಾನ್ ಖಾನ್ ಜೊತೆ ಓದಿದವರು. ಸೀಮ್ ಸುಮಾರು 20 ಡಿಗ್ರಿ ಓರೆ ಇದ್ದು, ಹೊಸ ಚೆಂಡು ಗಂಟೆಗೆ 110ರಿಂದ 115 ಕಿಲೋಮೀಟರ್ ವೇಗದಲ್ಲಿ ಹೋದಾಗ ಸ್ವಿಂಗ್ ಅತಿ ಹೆಚ್ಚು ಅಂತ ಅವರ ಅಳತೆಗಳು ತೋರಿಸಿವೆ. ಕೇಳಿಸಿತಾ? 145 ಅಲ್ಲ. ಇಲ್ಲಿ ಕೂತಿರುವ ದೊಡ್ಡ ಹುಡುಗರಲ್ಲಿ ಕೆಲವರು ಆ 110ರ ವೇಗಕ್ಕೆ ಹತ್ತಿರವೇ ಇದ್ದಾರೆ. ಅದಕ್ಕಿಂತ ತುಂಬಾ ಜೋರಾಗಿ ಎಸೆದರೆ ನುಣುಪು ಬದಿಯ ಪದರವೂ ತಾನಾಗಿಯೇ ಕಲಕಲು ಶುರುವಾಗುತ್ತದೆ, ಎರಡು ಬದಿಯ ವ್ಯತ್ಯಾಸ ಕಡಿಮೆಯಾಗುತ್ತದೆ.

ನಮ್ಮ ಬೆಂಗಳೂರಿನ ರೋಜರ್ ಬಿನ್ನಿಯನ್ನೇ ನೋಡಿ. ಅವರು ಜೋರು ಬೌಲರ್ ಅಲ್ಲವೇ ಅಲ್ಲ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದರು, ಆ ಟೂರ್ನಿಯಲ್ಲಿ ಯಾರಿಗೂ ಅಷ್ಟು ಸಿಗಲಿಲ್ಲ. 1986ರಲ್ಲಿ ಹೆಡಿಂಗ್ಲೆಯಲ್ಲಿ 40 ರನ್‌ಗೆ 5 ವಿಕೆಟ್, ಇಂಗ್ಲೆಂಡ್ 102ಕ್ಕೆ ಆಲೌಟ್. ಸೀಮ್ ನೆಟ್ಟಗೆ ಇಟ್ಟು ಫುಲ್ ಲೆಂಗ್ತ್, ಅಂದರೆ ಬ್ಯಾಟ್ಸ್‌ಮನ್ ಹತ್ತಿರ ನೆಲಕ್ಕೆ ಬೀಳುವಂತೆ, ಹಾಕುವ ಬೌಲರ್ ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಫುಲ್ ಲೆಂಗ್ತ್ ಅಂದೆ. ಅದಕ್ಕೂ ಒಂದು ಲೆಕ್ಕ ಇದೆ, ಶಾಲೆಯ ಗಣಿತ ಸಾಕು. ಗಂಟೆಗೆ 120 ಕಿಲೋಮೀಟರ್ ಅಂದರೆ ಸೆಕೆಂಡಿಗೆ 33 ಮೀಟರ್ ಚಿಲ್ಲರೆ. ಕೈಯಿಂದ ಬ್ಯಾಟ್ಸ್‌ಮನ್‌ವರೆಗೆ ಚೆಂಡಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಸೆಕೆಂಡ್. ಪಕ್ಕಕ್ಕೆ ತಳ್ಳುವ ಬಲ ದಾರಿಯುದ್ದಕ್ಕೂ ಒಂದೇ ಸಮ ಇದ್ದರೆ, ಪಕ್ಕಕ್ಕೆ ಸರಿಯುವ ದೂರ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಒಟ್ಟು 40 ಸೆಂಟಿಮೀಟರ್ ವಾಲಿತು ಅಂದುಕೊಳ್ಳಿ. ಮೊದಲ ಅರ್ಧ ದಾರಿಯಲ್ಲಿ ವಾಲುವುದು ಬರೀ 10. ಉಳಿದ 30 ಎರಡನೇ ಅರ್ಧದಲ್ಲಿ. ಬ್ಯಾಟ್ಸ್‌ಮನ್ ಆಗಲೇ ಕಾಲು ಮುಂದಿಟ್ಟು ಮನಸ್ಸು ಮಾಡಿಬಿಟ್ಟಿರುತ್ತಾನೆ. ಬ್ಯಾಟಿನ ಅಗಲ 10.8 ಸೆಂಟಿಮೀಟರ್, ಮೂರೂ ಸ್ಟಂಪ್ ಸೇರಿ 22.86. ಇನ್ನು ಆ ಮೂವತ್ತು ಎಷ್ಟು ದೊಡ್ಡದು ಅಂತ ನೀವೇ ನೋಡಿ. ‘ಲೇಟ್ ಸ್ವಿಂಗ್’ ಅಂತ ಟಿವಿಯಲ್ಲಿ ಹೇಳುವುದರಲ್ಲಿ ದೊಡ್ಡ ಪಾಲು ಇಷ್ಟೇ. ಅದಕ್ಕೇ ಶಾರ್ಟ್ ಪಿಚ್ ಹಾಕುವ ಸ್ವಿಂಗ್ ಬೌಲರ್ ಕಂಡರೆ ನನಗೆ ಸಿಟ್ಟು. ಚೆಂಡು ಚೆನ್ನಾಗಿ ವಾಲಲು ಶುರು ಮಾಡುವ ಹೊತ್ತಿಗೇ ನೆಲಕ್ಕೆ ಬಿದ್ದಿರುತ್ತದೆ. ಡ್ರೈವ್ ಹೊಡೆಸಿಕೊಂಡರೆ ಹೊಡೆಸಿಕೊಳ್ಳಿ, ನಾಲ್ಕು ರನ್ ಹೋಗಲಿ. ಕೋಚ್‌ಗಳು ಆ ನಾಲ್ಕು ರನ್‌ಗೆ ಬೈಯುವುದನ್ನು ದಯವಿಟ್ಟು ನಿಲ್ಲಿಸಬೇಕು.

ಈಗ ನಿಜವಾದ ಗಾಳಿಗೆ ಬರೋಣ. ಕಾರವಾರದಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲನೆ ಗಾಳಿ, ಕೆಲವೊಮ್ಮೆ ಅದೂ ಇಲ್ಲ. ಬಿಸಿಲೇರಿದ ಮೇಲೆ ಪಶ್ಚಿಮದಿಂದ ಕಡಲ ಗಾಳಿ. ಅದು ಚೆಂಡನ್ನು ತಳ್ಳುವುದು ಸುಳ್ಳಲ್ಲ. ಆದರೆ ಗಾಳಿ ತಳ್ಳಿದ್ದಕ್ಕೂ ಸ್ವಿಂಗ್‌ಗೂ ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಎರಡೂ ತುದಿಯಿಂದ, ಒಂದೇ ಹಿಡಿತದಲ್ಲಿ ಬೌಲ್ ಮಾಡಿ. ಎರಡೂ ಸಲ ಚೆಂಡು ಸ್ಲಿಪ್ ಕಡೆಗೇ ಹೋದರೆ ಅದು ನಿಮ್ಮ ಸೀಮ್. ಎರಡೂ ಸಲ ಗುಡ್ಡದ ಕಡೆಗೇ ಹೋದರೆ ಅದು ಗಾಳಿ, ನಿಮ್ಮ ಕೈಚಳಕ ಏನೂ ಇಲ್ಲ.

ಗೊತ್ತಾದ ಮೇಲೆ ಅದನ್ನು ಬಳಸಿಕೊಳ್ಳಿ. ಪಿಚ್ ಉತ್ತರ ದಕ್ಷಿಣ ಇದ್ದು, ಬೌಲ್ ಮಾಡುವಾಗ ಸಮುದ್ರ ನಿಮ್ಮ ಬಲಕ್ಕಿದ್ದರೆ ಮಧ್ಯಾಹ್ನದ ಗಾಳಿ ಔಟ್‌ಸ್ವಿಂಗ್‌ಗೆ ಸಹಾಯ. ಎಡಕ್ಕಿದ್ದರೆ ಇನ್‌ಸ್ವಿಂಗ್‌ಗೆ. ಬಲಗೈ ಬ್ಯಾಟ್ಸ್‌ಮನ್ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಅಡ್ಡಗಾಳಿ ಬರೀ ತಳ್ಳುವುದಿಲ್ಲ, ಚೆಂಡಿಗೆ ಎದುರಾಗುವ ಗಾಳಿಯ ದಿಕ್ಕನ್ನೂ ಬದಲಿಸುತ್ತದೆ. ಸೆಕೆಂಡಿಗೆ 5 ಮೀಟರ್ ಅಡ್ಡಗಾಳಿ ಇದ್ದರೆ, 120ರ ವೇಗದ ಚೆಂಡಿಗೆ ಗಾಳಿ ಎಂಟೊಂಬತ್ತು ಡಿಗ್ರಿ ಪಕ್ಕದಿಂದ ಬಂದಂತೆ. ನೀವು ಇಟ್ಟ 20 ಡಿಗ್ರಿ ಸೀಮ್ ಒಂದು ತುದಿಯಿಂದ 28 ಆಗುತ್ತದೆ, ಇನ್ನೊಂದರಿಂದ 12. ಒಳ್ಳೆಯ ನಾಯಕ ಟಾಸ್‌ಗೆ ಮೊದಲೇ ತೆಂಗಿನ ಗರಿ ಯಾವ ಕಡೆ ಬಾಗಿದೆ ನೋಡಿ ಯಾರಿಗೆ ಯಾವ ತುದಿ ಅಂತ ತೀರ್ಮಾನಿಸಿರುತ್ತಾನೆ.

ಮೋಡದ ದಿನ ಸ್ವಿಂಗ್ ಜಾಸ್ತಿ ಅನ್ನುವುದಕ್ಕೆ ಸಂಶೋಧಕರು ಹೇಳುವ ಒಂದು ಕಾರಣ ನನಗೆ ಸರಿ ಅನಿಸುತ್ತದೆ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ, ಪಿಚ್ ಮೇಲಿನ ಗಾಳಿ ಕಲಕಿರುತ್ತದೆ. ಕಲಕಿದ ಗಾಳಿಯೊಳಗೆ ಹೋಗುವ ಚೆಂಡಿನ ನುಣುಪು ಬದಿಯ ಪದರ ಶಾಂತವಾಗಿ ಉಳಿಯುವುದು ಕಷ್ಟ. ಮೋಡ ಮುಚ್ಚಿದಾಗ ಗಾಳಿ ನಿಂತಿರುತ್ತದೆ. ಅಂದರೆ ಮೋಡದ ಉಪಕಾರ ತೇವದಿಂದಲ್ಲ, ನಿಶ್ಚಲತೆಯಿಂದ. ಈ ಲೆಕ್ಕದಲ್ಲಿ ಕಡಲ ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತು ನಮಗೆ ಚಿನ್ನ. ಹುಲ್ಲಿನ ಇಬ್ಬನಿಗೆ ಚೆಂಡು ಒದ್ದೆಯಾಗದಂತೆ ಮಾತ್ರ ನೋಡಿಕೊಳ್ಳಿ.

ಅರಬ್ಬಿ ಸಮುದ್ರದ ಇನ್ನೊಂದು ಊರಿನ ಕಥೆ ಹೇಳುತ್ತೇನೆ. 2006ರ ಜನವರಿ 29, ಕರಾಚಿ. ಟೆಸ್ಟ್‌ನ ಮೊದಲ ಓವರ್, ಇರ್ಫಾನ್ ಪಠಾಣ್. ನಾಲ್ಕನೇ ಚೆಂಡಿಗೆ ಸಲ್ಮಾನ್ ಬಟ್ ಸ್ಲಿಪ್‌ನಲ್ಲಿ ನಮ್ಮ ದ್ರಾವಿಡ್ ಕೈಗೆ ಕ್ಯಾಚ್. ಐದನೆಯದಕ್ಕೆ ಯೂನಿಸ್ ಖಾನ್ ಎಲ್‌ಬಿಡಬ್ಲ್ಯೂ. ಆರನೆಯದಕ್ಕೆ ಮೊಹಮ್ಮದ್ ಯೂಸುಫ್ ಬೌಲ್ಡ್. ಮೂರು ಬೇರೆ ಬೇರೆ ರೀತಿಯ ಔಟ್, ಆದರೆ ಸ್ವಿಂಗ್ ಒಂದೇ. ಎಡಗೈ ಬಟ್‌ಗೆ ಅದು ಹೊರಗೆ ಹೋಯಿತು, ಬಲಗೈಯ ಇಬ್ಬರಿಗೆ ಒಳಗೆ ಬಂತು. ‘ನೋಡಿ, ಸಮುದ್ರದ ಗಾಳಿ’ ಅಂತ ಹೇಳುವವರಿಗೆ ಅದೇ ಪಂದ್ಯದ ಉಳಿದ ಭಾಗವನ್ನೂ ನೆನಪಿಸುತ್ತೇನೆ. ಎರಡನೇ ಇನಿಂಗ್ಸ್‌ನಲ್ಲಿ ಪಾಕಿಸ್ತಾನ 7 ವಿಕೆಟ್‌ಗೆ 599. ನಾವು 341 ರನ್‌ಗಳಿಂದ ಸೋತೆವು. ಸಮುದ್ರ ಎಲ್ಲಿಗೂ ಹೋಗಿರಲಿಲ್ಲ.

ಹಿಡಿತದ ಬಗ್ಗೆ ಬಾಯಲ್ಲಿ ಹೇಳುವುದು ಕಡಿಮೆ, ನಾಳೆ ನೆಟ್ಸ್‌ನಲ್ಲಿ ತೋರಿಸುತ್ತೇನೆ. ತೋರುಬೆರಳು, ಮಧ್ಯದ ಬೆರಳು ಸೀಮ್‌ನ ಆಚೆ ಈಚೆ. ಹೆಬ್ಬೆರಳು ಕೆಳಗೆ, ಸೀಮ್ ಮೇಲೆ. ಚೆಂಡು ಅಂಗೈಗೆ ತಾಗಬಾರದು. ಬಿಡುವಾಗ ಮಣಿಕಟ್ಟು ಚೆಂಡಿನ ಹಿಂದೆ ಇರಬೇಕು, ಎರಡು ಬೆರಳು ಕೊನೆಗೆ ಚೆಂಡನ್ನು ಹಿಂದಕ್ಕೆ ಉರುಳಿಸಬೇಕು. ಆ ಹಿಂದಿನ ತಿರುಗು ಸೀಮ್‌ ಅನ್ನು ಅಲುಗಾಡದಂತೆ ಹಿಡಿದಿಡುತ್ತದೆ. ನನ್ನ ಕಣ್ಣಿಗೆ ಬೀಳುವ ಹೆಚ್ಚಿನ ಹುಡುಗರ ತೊಂದರೆ ಹಿಡಿತದಲ್ಲಿಲ್ಲ, ಮಣಿಕಟ್ಟಿನಲ್ಲಿದೆ. ಇನ್‌ಸ್ವಿಂಗ್ ಬೇಕು ಅಂತ ಚೆಂಡನ್ನು ತಿರುಚುತ್ತಾರೆ, ಸೀಮ್ ಬುಗುರಿ ಆಗುತ್ತದೆ, ಚೆಂಡು ನೇರ ಹೋಗುತ್ತದೆ. ಮನೆಯಲ್ಲಿ ಅಂಗಾತ ಮಲಗಿ ಚೆಂಡನ್ನು ಮೇಲಕ್ಕೆ ಚಿಮ್ಮಿಸಿ ಸೀಮ್ ನೆಟ್ಟಗೆ ನಿಲ್ಲುತ್ತದಾ ನೋಡಿ. ಮೂಗು ಜೋಪಾನ.

ಚೆಂಡಿನ ಬಗ್ಗೆ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಲೆದರ್ ಬಾಲ್ ತರುವಾಗ ಬೆಲೆಗಿಂತ ಮೊದಲು ಹೊಲಿಗೆ ಮುಟ್ಟಿ ನೋಡಿ. ಭಾರತದ ಟೆಸ್ಟ್‌ಗಳಲ್ಲಿ ಬಳಸುವ ಎಸ್‌ಜಿ ಚೆಂಡು ಮೀರತ್‌ನ ಕಂಪನಿಯದು, ಕೈ ಹೊಲಿಗೆ, ಸೀಮ್ ಎದ್ದು ಕಾಣುತ್ತದೆ. ಅಷ್ಟು ದುಬಾರಿಯದು ಬೇಡ. ಆದರೆ ಸೀಮ್ ಬೆರಳಿಗೇ ಸಿಗದ ಚೆಂಡು ಕೊಟ್ಟು ಮಗನಿಗೆ ಸ್ವಿಂಗ್ ಬರುವುದಿಲ್ಲ ಅಂದರೆ ಹೇಗೆ?

ಚೀಟಿಯಲ್ಲಿ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ರಿವರ್ಸ್ ಸ್ವಿಂಗ್ ಬಗ್ಗೆ. ವಾಸಿಂ ಅಕ್ರಮ್ 1992ರ ವಿಶ್ವಕಪ್ ಫೈನಲ್‌ನಲ್ಲಿ ಲ್ಯಾಂಬ್, ಲೂಯಿಸ್ ಇಬ್ಬರನ್ನೂ ಬೆನ್ನು ಬೆನ್ನಿಗೆ ಬೌಲ್ಡ್ ಮಾಡಿದ್ದನ್ನು ಯೂಟ್ಯೂಬ್‌ನಲ್ಲಿ ನೋಡಿರುತ್ತೀರಿ. ರಿವರ್ಸ್‌ನಲ್ಲಿ ಚೆಂಡು ಸೀಮ್ ತೋರಿಸುವ ಕಡೆಗೆ ಹೋಗದೆ ಆಚೆಗೆ ಹೋಗುತ್ತದೆ. ಸವೆದ ಬದಿಯನ್ನು ಮುಂದಿಟ್ಟು ಜೋರಾಗಿ ಎಸೆದಾಗ ಆ ಬದಿಯ ಪದರ ತಾನೇ ಕಲಕಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸೀಮ್ ಬದಿಯಲ್ಲಿ ಮೊದಲೇ ಕಲಕಿದ ಪದರಕ್ಕೆ ಹೊಲಿಗೆ ಅಡ್ಡ ಬಂದು ಇನ್ನಷ್ಟು ದಪ್ಪವಾಗಿ, ಸೋತು, ಬೇಗ ಬಿಟ್ಟುಬಿಡುತ್ತದೆ. ಇದಕ್ಕೆ ಒಳ್ಳೆಯ ವೇಗ ಬೇಕೇ ಬೇಕು. ಇಲ್ಲಿ ಮಾತ್ರ ನಿಮ್ಮ ಸ್ಪೀಡ್ ಪ್ರಶ್ನೆಗೆ ಬೆಲೆ ಇದೆ.

ನಮ್ಮ ಮೈದಾನಗಳ ಕೆಂಪು ಜಂಬಿಟ್ಟಿಗೆ ಮಣ್ಣು ಚೆಂಡನ್ನು ಬೇಗ ಉಜ್ಜಿಹಾಕುತ್ತದೆ. ಒಂದು ಬದಿ ಪೂರ್ತಿ ಹೋಗಿರುತ್ತದೆ. ಆಗ ಸೀಮ್ ನೇರ ಇಟ್ಟರೂ, ನಿಮ್ಮ ವೇಗದಲ್ಲಿ ಚೆಂಡು ಸವೆದ ಬದಿಗೆ ವಾಲುತ್ತದೆ. ನಮ್ಮ ಹುಡುಗರು ಇದನ್ನೇ ರಿವರ್ಸ್ ಅಂತ ಕುಣಿಯುತ್ತಾರೆ. ರಿವರ್ಸ್ ಅಲ್ಲ ಅದು, ಆದರೆ ವಿಕೆಟ್ ಬಂದರೆ ಬೇಡ ಅನ್ನಬೇಡಿ. ಚೆಂಡನ್ನು ಉಗುರಿನಿಂದ ಕೆರೆಯುವುದು, ಮಣ್ಣಿಗೆ ಉಜ್ಜುವುದು ತಪ್ಪು. 2018ರಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದವರು ಮರಳು ಕಾಗದದಿಂದ ಚೆಂಡು ಉಜ್ಜಲು ಹೋಗಿ ಏನಾದರು ನೋಡಿದ್ದೀರಿ. 2004ರಲ್ಲಿ ಚೆಂಡಿಗೆ ಕೆಮ್ಮಿಗೆ ಚೀಪುವ ಗುಳಿಗೆಯ ಅಂಟು ತಾಗಿಸಿದ್ದಕ್ಕೆ ದ್ರಾವಿಡ್ ಅಂಥವರಿಗೇ ಅರ್ಧ ಪಂದ್ಯ ಶುಲ್ಕ ದಂಡ ಬಿತ್ತು. ಎಂಜಲು ಹಚ್ಚುವುದನ್ನು ಐಸಿಸಿ 2020ರಲ್ಲಿ ಕೊರೋನಾ ಕಾರಣಕ್ಕೆ ನಿಲ್ಲಿಸಿ, 2022ರಲ್ಲಿ ಆ ನಿಷೇಧವನ್ನು ಖಾಯಂ ಮಾಡಿತು. ಬೆವರು ಹಚ್ಚಬಹುದು. ಕಾರವಾರದ ಮೇ ತಿಂಗಳಲ್ಲಿ ಅದಕ್ಕೇನು ಬರ!

ಕೊನೆಯ ಚೀಟಿ ಟೆನ್ನಿಸ್ ಬಾಲ್‌ನದು. ಅರ್ಧಕ್ಕೆ ಟೇಪ್ ಸುತ್ತಿದರೆ ಯಾವ ಕಡೆಗೆ ವಾಲುತ್ತದೆ ಅಂತ ಕೇಳಿದ್ದಾರೆ. ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ, ಗಾಳಿ ಏಳುವ ಮೊದಲು, ಬೀಚ್‌ನ ಗಟ್ಟಿ ಮರಳಿನ ಮೇಲೆ ಎರಡೂ ದಿಕ್ಕಿಗೆ ಎಸೆದು ನೋಡೋಣ. ಟೇಪ್ ನಾನು ತರುತ್ತೇನೆ, ಚೆಂಡು ನೀವು ತನ್ನಿ. ಈಗ ಚೀಟಿಯಲ್ಲಿ ಬರೆಯದ ಪ್ರಶ್ನೆ ಇದ್ದರೆ ಕೇಳಿ.