ಹುಲ್ಲು ನೋಡಿ ಬ್ಯಾಟರಿ ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಗಾರು ಶುರುವಾಗಿ ಎರಡು ಮೂರು ವಾರ ಕಳೆಯಿತು ಅಂದರೆ ನನ್ನ ಅಂಗಡಿ ಮುಂದೆ ಹುಲ್ಲು ಕತ್ತರಿಸುವ ಮೆಷಿನ್‌ಗಳು ಸಾಲಾಗಿ ನಿಲ್ಲುತ್ತವೆ. ಬೇಸಿಗೆಯೆಲ್ಲ ಒಣಗಿ ಮಲಗಿದ್ದ ಲಾನು ನಾಲ್ಕು ಮಳೆಗೆ ಎದ್ದು ನಿಂತಿರುತ್ತದೆ. ಮನೆಯವರು ಷೆಡ್ಡಿನ ಮೂಲೆಯಿಂದ ಮೆಷಿನ್ ಎಳೆದು ತಂದು ಬಟನ್ ಒತ್ತುತ್ತಾರೆ. ಸದ್ದೇ ಇಲ್ಲ. ಮೈಸೂರಿನಲ್ಲಿ ಇಂಥ ಮೆಷಿನ್, ಔಷಧಿ ಹೊಡೆಯುವ ಬ್ಯಾಟರಿ ಪಂಪು, ಕಳೆ ಹೊಡೆಯುವ ಮೆಷಿನ್ ರಿಪೇರಿ ಮಾಡುತ್ತಾ ನನಗೆ ಹತ್ತೊಂಬತ್ತು ವರ್ಷ ಆಯಿತು. ಮೊದಲು ಬರುತ್ತಿದ್ದದ್ದೆಲ್ಲ ಪೆಟ್ರೋಲ್ ಮೆಷಿನ್. ಕಾರ್ಬ್ಯುರೇಟರ್ ಕಟ್ಟಿಕೊಂಡಿದೆ, ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತು ಅನ್ನುತ್ತಿದ್ದರು. ಈಗ ಬರುವವರು ಕೇಳುವುದು ಬೇರೆ. "ಇದಕ್ಕೆ ಯಾವ ಬ್ಯಾಟರಿ ಹಾಕಿಸಲಿ?"

ನಾನು ತಿರುಗಿ ಒಂದು ಮಾತು ಕೇಳುತ್ತೇನೆ. "ನಿಮ್ಮ ಲಾನು ಎಷ್ಟು ಗುಂಟೆ?"

ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರುವುದಿಲ್ಲ. ಮೆಷಿನ್ನಿನ ಬಣ್ಣ ಗೊತ್ತು, ಕಂಪನಿ ಗೊತ್ತು, ಡಬ್ಬದ ಮೇಲೆ ದೊಡ್ಡದಾಗಿ ಬರೆದ ವೋಲ್ಟ್ ಗೊತ್ತು. ಹುಲ್ಲು ಎಷ್ಟಿದೆ ಅಂತ ಗೊತ್ತಿಲ್ಲ. ಬ್ಯಾಟರಿ ತಪ್ಪುವುದು ಇಲ್ಲೇ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಲಾನು ಅಳೆಯಿರಿ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. ಅಂದರೆ 1089 ಚದರ ಅಡಿ.

ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವ ಹುಲ್ಲು ಕಾಲು ಗುಂಟೆ ಇದ್ದರೆ ಜಾಸ್ತಿ. ಅಷ್ಟಕ್ಕೆ ಬ್ಯಾಟರಿಯೇ ಬೇಡ. ಕೈಯಲ್ಲಿ ತಳ್ಳುವ, ಉರುಳೆಗೆ ಬ್ಲೇಡು ಸುತ್ತಿರುವ ಮೆಷಿನ್ ಸಾಕು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮಾಡಿದ ಮೊದಲ ಲಾನ್ ಮೋವರ್ ಕೂಡ ಇದೇ ಜಾತಿಯದು. ಉಣ್ಣೆ ಬಟ್ಟೆಯ ಮೇಲೆದ್ದ ನೂಲನ್ನು ಸವರುವ ಮಿಲ್ಲಿನ ಯಂತ್ರ ನೋಡಿ ಅವರಿಗೆ ಈ ಯೋಚನೆ ಬಂತಂತೆ. ಮೆಷಿನ್ ಮಾರಿದರೆ ನನಗೆ ಲಾಭ ಇದೆ. ಆದರೂ ಕಾಲು ಗುಂಟೆಯವರಿಗೆ ನಾನು ಇದನ್ನೇ ಹೇಳುವುದು.

ಅರ್ಧ ಗುಂಟೆ ದಾಟಿತು ಅಂದರೆ ಲೆಕ್ಕ ಹಾಕಬೇಕು. ಬ್ಯಾಟರಿ ಮೇಲೆ ಎರಡು ಸಂಖ್ಯೆ ಇರುತ್ತವೆ. ಒಂದು ವೋಲ್ಟ್. ಇನ್ನೊಂದು ಆಂಪಿಯರ್ ಅವರ್, ನಾವು ಎ.ಎಚ್. ಅನ್ನುತ್ತೇವೆ. ಇವೆರಡನ್ನೂ ಗುಣಿಸಿ. ಬರುವುದು ವ್ಯಾಟ್ ಅವರ್. ಬ್ಯಾಟರಿಯ ಹೊಟ್ಟೆಯಲ್ಲಿ ಎಷ್ಟು ಶಕ್ತಿ ಇದೆ ಅಂತ ಹೇಳುವುದು ಈ ಗುಣಾಕಾರ ಮಾತ್ರ. 36 ವೋಲ್ಟಿನ 5 ಎ.ಎಚ್. ಬ್ಯಾಟರಿಯಲ್ಲಿ 180 ವ್ಯಾಟ್ ಅವರ್. 18 ವೋಲ್ಟಿನ 5 ಎ.ಎಚ್. ಬ್ಯಾಟರಿಯಲ್ಲಿ 90. ಎರಡರ ಮೇಲೂ 5 ಅಂತಲೇ ಬರೆದಿದೆ, ಆದರೆ ಒಂದರಲ್ಲಿ ಇನ್ನೊಂದರ ಅರ್ಧ.

ಇಲ್ಲಿ ಒಂದು ಗೊಂದಲ ಇದೆ. ಒಬ್ಬರು 36 ವೋಲ್ಟ್ ಅಂತ ಮಾರುತ್ತಾರೆ, ಪಕ್ಕದ ಅಂಗಡಿಯವರು 40 ವೋಲ್ಟ್ ಅಂತ ಮಾರುತ್ತಾರೆ. 40 ದೊಡ್ಡದು, ಅದೇ ಒಳ್ಳೆಯದು ಅಂತ ಜನ ತಿಳಿಯುತ್ತಾರೆ. ಎರಡೂ ಒಂದೇ. ಒಳಗೆ ಹತ್ತು ಲೀಥಿಯಂ ಸೆಲ್ ಸಾಲಾಗಿ ಕೂತಿರುತ್ತವೆ. ಒಂದೊಂದೂ ಓಡುವಾಗ ಸುಮಾರು 3.6 ವೋಲ್ಟ್ ಕೊಡುತ್ತದೆ, ಆಗಷ್ಟೇ ತುಂಬಿದಾಗ 4 ದಾಟಿರುತ್ತದೆ. ಓಡುವ ಲೆಕ್ಕ ಬರೆದರೆ 36, ತುಂಬಿದ ಲೆಕ್ಕ ಬರೆದರೆ 40. ಹಾಗೆಯೇ 18 ಮತ್ತು 20 ಕೂಡ ಒಂದೇ. ಗುಣಿಸುವಾಗ ಚಿಕ್ಕ ಸಂಖ್ಯೆಯನ್ನೇ ತೆಗೆದುಕೊಳ್ಳಿ.

ಈಗ ಹುಲ್ಲಿನ ಕಡೆ ಬರೋಣ. ಹದಿನಾರು ಇಂಚಿನ ಮೆಷಿನ್‌ಗೆ ನಾನೇ ಮೀಟರ್ ಕಟ್ಟಿ ನೋಡಿದ್ದೇನೆ. ಒಣಗಿದ, ಗಿಡ್ಡ ಹುಲ್ಲಿನಲ್ಲಿ ಸುಮಾರು 500 ವ್ಯಾಟ್ ಎಳೆಯುತ್ತದೆ. ಜುಲೈ ತಿಂಗಳಲ್ಲಿ, ಒದ್ದೆ ಗರಿಕೆ ಮೊಣಕೈ ಉದ್ದ ಬೆಳೆದಾಗ 800 ದಾಟುತ್ತದೆ. ಒಂದು ಗುಂಟೆ ಸುತ್ತಿ ಮುಗಿಸಲು, ತಿರುಗಿಸಿಕೊಳ್ಳುವುದೂ ಸೇರಿ, ಎಂಟು ಹತ್ತು ನಿಮಿಷ ಬೇಕು. ಇದೆಲ್ಲ ಸೇರಿಸಿ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: ಗುಂಟೆಗೆ 150 ವ್ಯಾಟ್ ಅವರ್. ಬೇಸಿಗೆಯಲ್ಲಿ ಇಷ್ಟು ಬೇಡ. ಆದರೆ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವವರು ಯಾರು? ನಮಗೆ ಬ್ಯಾಟರಿ ಬೇಕಾಗುವುದೇ ಮಳೆಗಾಲದಲ್ಲಿ, ಅಲ್ವಾ? ಮಳೆಗಾಲಕ್ಕೆ ಸಾಲುವಷ್ಟು ತೆಗೆದುಕೊಳ್ಳಿ.

ಒಬ್ಬರು ನಿವೃತ್ತ ಮೇಷ್ಟ್ರ ವಿಷಯ ಹೇಳುತ್ತೇನೆ. ಅವರ ಲಾನು ಒಂದೂವರೆ ಗುಂಟೆ, ಮೆಕ್ಸಿಕನ್ ಹುಲ್ಲು, ಕಂಬಳಿ ಹಾಸಿದ ಹಾಗೆ ದಟ್ಟವಾಗಿದೆ. ಮೆಷಿನ್ ಜೊತೆ ಬಂದದ್ದು 36 ವೋಲ್ಟಿನ 2 ಎ.ಎಚ್. ಬ್ಯಾಟರಿ. ಗುಣಿಸಿ ನೋಡಿ, 72 ವ್ಯಾಟ್ ಅವರ್. ಅವರಿಗೆ ಬೇಕಾದದ್ದು 225. ಪಾಪ, ಐದಾರು ನಿಮಿಷ ಕತ್ತರಿಸುವುದು, ಚಾರ್ಜಿಗೆ ಹಾಕುವುದು, ಮತ್ತೆ ಕತ್ತರಿಸುವುದು. ಹೀಗೇ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಒಂದೂವರೆ ವರ್ಷಕ್ಕೆ ಬ್ಯಾಟರಿ ಕೈಕೊಟ್ಟಿತು. ಕವರಿನ ಬದಿ ಸ್ವಲ್ಪ ಉಬ್ಬಿತ್ತು. "ನೋಡಪ್ಪಾ, ನಾನು ಅದನ್ನ ಮಗು ಥರ ನೋಡಿಕೊಂಡೆ" ಅಂದರು. ನಿಜ, ನೋಡಿಕೊಂಡಿದ್ದರು. ತಪ್ಪು ಅವರದಲ್ಲ. ಆ ಬ್ಯಾಟರಿ ಆ ಹುಲ್ಲಿಗೆ ಆಗುವಂಥದ್ದೇ ಅಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಗೊತ್ತಾದರೆ ನೀವು ಯಾವತ್ತೂ ಸಣ್ಣ ಬ್ಯಾಟರಿ ಕೊಳ್ಳುವುದಿಲ್ಲ. 800 ವ್ಯಾಟ್ ಬೇಕು ಅಂದರೆ 36 ವೋಲ್ಟಿನಲ್ಲಿ 22 ಆಂಪಿಯರ್ ಹರಿಯಬೇಕು. 2 ಎ.ಎಚ್. ಬ್ಯಾಟರಿಯಲ್ಲಿ ಹತ್ತು ಸೆಲ್ಲಿನ ಒಂದೇ ಸಾಲು. ಆ 22 ಆಂಪಿಯರ್ ಪೂರ್ತಿ ಒಂದೊಂದು ಸೆಲ್ಲಿನ ಮೂಲಕವೂ ಹೋಗಬೇಕು. 5 ಅಥವಾ 6 ಎ.ಎಚ್. ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ. ಪ್ರತಿ ಸಾಲಿಗೂ 11 ಆಂಪಿಯರ್ ಹಂಚಿಹೋಗುತ್ತದೆ. ಒಂದು ಮೂಟೆ ಅಕ್ಕಿಯನ್ನು ಒಬ್ಬನೇ ಹೊರುವುದಕ್ಕೂ ಇಬ್ಬರು ಹಿಡಿದು ಹೊರುವುದಕ್ಕೂ ಇರುವ ವ್ಯತ್ಯಾಸ. ಬಿಸಿಯ ಲೆಕ್ಕ ಇನ್ನೂ ದೊಡ್ಡದು. ಸೆಲ್ಲಿನಲ್ಲಿ ಹರಿಯುವ ಕರೆಂಟ್ ಅರ್ಧ ಆದರೆ ಅದರೊಳಗೆ ಏಳುವ ಬಿಸಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಲೀಥಿಯಂ ಬ್ಯಾಟರಿಯ ಆಯಸ್ಸು ತಿನ್ನುವುದೇ ಬಿಸಿ. ಹಾಗಾಗಿ ದೊಡ್ಡ ಬ್ಯಾಟರಿ ಜಾಸ್ತಿ ಹೊತ್ತು ಓಡುವುದು ಮಾತ್ರ ಅಲ್ಲ, ಜಾಸ್ತಿ ವರ್ಷ ಬಾಳುತ್ತದೆ.

ಮೇಷ್ಟ್ರಿಗೆ 6 ಎ.ಎಚ್. ಹಾಕಿಸಿದೆ. 216 ವ್ಯಾಟ್ ಅವರ್, 225ಕ್ಕೆ ಸ್ವಲ್ಪವೇ ಕಡಿಮೆ. ಆ ಕೊರತೆ ತುಂಬಲು ಬ್ಲೇಡು ಬಿಚ್ಚಿ ಸಾಣೆ ಹಿಡಿಸಿದೆ. ಮೊಂಡು ಬ್ಲೇಡು ಹುಲ್ಲನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಹರಿಯಲು ಮೋಟರಿಗೆ ಜಾಸ್ತಿ ಶಕ್ತಿ ಬೇಕು, ಆ ಶಕ್ತಿ ಬ್ಯಾಟರಿಯಿಂದಲೇ ಹೋಗಬೇಕು. ಹುಲ್ಲಿನ ತುದಿ ಎರಡು ದಿನದಲ್ಲಿ ಕಂದುಬಣ್ಣಕ್ಕೆ ತಿರುಗಿದ್ದರೆ ಬ್ಲೇಡು ಮೊಂಡಾಗಿದೆ ಅಂತಲೇ ಅರ್ಥ. ಉದ್ದ ಬೆಳೆದ ಹುಲ್ಲನ್ನು ಒಂದೇ ಸಲಕ್ಕೆ ಬುಡಕ್ಕೆ ಇಳಿಸಬೇಡಿ. ಮೂರನೇ ಒಂದು ಭಾಗ ತೆಗೆಯಿರಿ, ನಾಲ್ಕು ದಿನ ಬಿಟ್ಟು ಮತ್ತೆ ತೆಗೆಯಿರಿ.

ಡೂಪ್ಲಿಕೇಟ್ ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಾನೇ ಏಟು ತಿಂದಿದ್ದೇನೆ. ನಾಲ್ಕು ವರ್ಷದ ಹಿಂದೆ ಒಬ್ಬ ವ್ಯಾಪಾರಿ ಅರ್ಧ ಬೆಲೆಗೆ 36 ವೋಲ್ಟಿನ 8 ಎ.ಎಚ್. ಬ್ಯಾಟರಿ ಕೊಟ್ಟ. ನಂಬಿ ಐದು ತರಿಸಿದೆ, ಗಿರಾಕಿಗಳಿಗೆ ಹಾಕಿಯೂ ಕೊಟ್ಟೆ. ಎರಡೇ ತಿಂಗಳಲ್ಲಿ ಐದೂ ವಾಪಸ್ ಬಂದವು. ಒಂದನ್ನು ಬಿಚ್ಚಿದೆ. ಒಳಗೆ ಹತ್ತೇ ಸೆಲ್. ಉಳಿದ ಜಾಗಕ್ಕೆಲ್ಲ ಸ್ಪಂಜು ತುರುಕಿದ್ದರು. ಐದು ಮನೆಯವರಿಗೂ ದುಡ್ಡು ವಾಪಸ್ ಕೊಟ್ಟೆ, ಆ ತಿಂಗಳು ಅಂಗಡಿ ಬಾಡಿಗೆಗೆ ಸಾಲ ಮಾಡಿದೆ. ಆವತ್ತಿನಿಂದ ನನ್ನ ಮೇಜಿನ ಮೇಲೆ ಒಂದು ತಕ್ಕಡಿ ಇಟ್ಟಿದ್ದೇನೆ.

ತಕ್ಕಡಿ ಸುಳ್ಳು ಹೇಳುವುದಿಲ್ಲ. ಬೆರಳು ಗಾತ್ರದ ಸಾಮಾನ್ಯ ಲೀಥಿಯಂ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ತೂಕ ಹತ್ತಿರ ಹತ್ತಿರ 47 ಗ್ರಾಂ. ಇಂಥ ಸೆಲ್ಲಿನಲ್ಲಿ ಎರಡೂವರೆ, ಮೂರು ಎ.ಎಚ್. ಹಿಡಿಸುತ್ತದೆ. 8 ಎ.ಎಚ್. ಬೇಕು ಅಂದರೆ ಮೂರು ಸಾಲು, ಮೂವತ್ತು ಸೆಲ್ ಬೇಕೇ ಬೇಕು. ಬರೀ ಸೆಲ್ಲೇ 1 ಕೆಜಿ 400 ಗ್ರಾಂ ಆಯಿತು. ಈಗ ಬರುವ ಸ್ವಲ್ಪ ದಪ್ಪ ಸೆಲ್ 70 ಗ್ರಾಂ ಇರುತ್ತದೆ, ಅದರಲ್ಲಿ 4 ಎ.ಎಚ್. ಹಿಡಿಸುತ್ತದೆ. ಎರಡು ಸಾಲು, ಇಪ್ಪತ್ತು ಸೆಲ್. ಮತ್ತೆ ಅದೇ 1 ಕೆಜಿ 400 ಗ್ರಾಂ. ಇದರ ಮೇಲೆ ಪ್ಲಾಸ್ಟಿಕ್ಕು, ಬೋರ್ಡು, ತಂತಿ. ನನಗೆ ಬಂದ ಆ ಬ್ಯಾಟರಿ ಎಷ್ಟು ತೂಗಿತು ಗೊತ್ತಾ? 800 ಗ್ರಾಂ. ಅಂಗಡಿಯಲ್ಲಿ ಬ್ಯಾಟರಿ ಕೈಗೆ ಕೊಟ್ಟ ತಕ್ಷಣ ತೂಗಿ ನೋಡಿ, ಸಂಕೋಚ ಬೇಡ. ಜೊತೆಗೆ ಬ್ಯಾಟರಿಯ ಮೈಮೇಲೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಗುರುತು, ಐಎಸ್ 16046 ಅನ್ನುವ ಸಂಖ್ಯೆ ಇದೆಯಾ ನೋಡಿ. ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಲು ಮಾತ್ರ ಹೋಗಬೇಡಿ. ಸ್ಕ್ರೂಡ್ರೈವರ್ ತಾಗಿದರೆ ಬೆಂಕಿ ಹತ್ತಲು ಒಂದು ಕ್ಷಣ ಸಾಕು.

"ಯುಪಿಎಸ್‌ನಲ್ಲಿರುವ ಸಣ್ಣ ಬ್ಯಾಟರಿ ಮೂರು ಜೋಡಿಸಿದರೆ 36 ವೋಲ್ಟ್ ಆಗುತ್ತಲ್ಲ?" ಅಂತ ಕೆಲವು ಹುಡುಗರು ಕೇಳುತ್ತಾರೆ. ವೋಲ್ಟ್ ಆಗುತ್ತದೆ. ಆದರೆ ಅದರ ಮೇಲೆ ಬರೆದಿರುವ 7 ಎ.ಎಚ್. ಅನ್ನುವುದು ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. 22 ಆಂಪಿಯರ್ ಎಳೆದರೆ ಅದರ ಅರ್ಧವೂ ಸಿಗುವುದು ಕಷ್ಟ. ಒಂದೊಂದು ಎರಡು ಕೆಜಿ ಮೇಲಿದೆ, ಮೂರನ್ನೂ ಹೊತ್ತ ಮೆಷಿನ್ ಒದ್ದೆ ನೆಲದಲ್ಲಿ ಹೂತುಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆ ಮೈಸೂರು, ಬೆಂಗಳೂರು ಕಡೆ ತುಂಬಾ ಬರುತ್ತದೆ. "ಮಗ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರ್ತಾನೆ, ಅಲ್ಲಿಂದ ಬ್ಯಾಟರಿ ತರಿಸಲಾ?" ಬೇಡ ಅಮ್ಮ. ವಿಮಾನದಲ್ಲಿ ಬಿಡಿ ಲೀಥಿಯಂ ಬ್ಯಾಟರಿ 100 ವ್ಯಾಟ್ ಅವರ್ ಒಳಗಿದ್ದರೆ ಕೈಚೀಲದಲ್ಲಿ ತರಬಹುದು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 160 ದಾಟಿದರೆ ಪ್ರಯಾಣಿಕರು ತರುವ ಹಾಗಿಲ್ಲ. ಒಂದು ಗುಂಟೆ ದಾಟಿದ ಲಾನಿಗೆ ಸಾಲುವ ಬ್ಯಾಟರಿ ಸಾಮಾನ್ಯವಾಗಿ 180 ಅಥವಾ ಅದರ ಮೇಲೇ ಇರುತ್ತದೆ, ಮಗ ಅದನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾಗುತ್ತದೆ. ಚಾರ್ಜರ್ ಕಥೆಯೂ ಅಷ್ಟೇ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಅಲ್ಲಿಗೆಂದೇ ಮಾಡಿದ ಚಾರ್ಜರ್ ನಮ್ಮ ಪ್ಲಗ್ಗಿಗೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ನನ್ನ ಅಂಗಡಿಯಲ್ಲಿ ಅಂಥವು ಮೂರಿವೆ.

ಕಾಲೇಜು, ಕ್ಲಬ್ಬು, ದೊಡ್ಡ ಮೈದಾನದವರು ಕೂತು ಓಡಿಸುವ ಪೆಟ್ರೋಲ್ ಮೆಷಿನ್ ಇಟ್ಟುಕೊಂಡಿರುತ್ತಾರೆ. ಅದರ ಬ್ಯಾಟರಿ ಬೇರೆ. 12 ವೋಲ್ಟಿನ ಸೀಸದ ಬ್ಯಾಟರಿ, ಎಂಜಿನ್ ಸ್ಟಾರ್ಟ್ ಮಾಡುವುದಷ್ಟೇ ಅದರ ಕೆಲಸ. ಹಳೆಯದರ ಅಳತೆ, ಪ್ಲಸ್ ಟರ್ಮಿನಲ್ ಯಾವ ಬದಿ ಇದೆ ಅನ್ನುವುದು ನೋಡಿಕೊಂಡು ತನ್ನಿ. ನಿಂತ ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿಸಿ. ಬೇಸಿಗೆಯಲ್ಲಿ ಮೆಷಿನ್ ನಿಲ್ಲಿಸುವಾಗಲೂ ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಖಾಲಿಯಾಗಿ ನಿಂತ ಸೀಸದ ಬ್ಯಾಟರಿಯ ತಗಡಿನ ಮೇಲೆ ಬಿಳಿ ಉಪ್ಪಿನಂಥದ್ದು ಗಟ್ಟಿಯಾಗಿ ಕೂತರೆ ಮತ್ತೆ ಏಳುವುದಿಲ್ಲ.

ಲೀಥಿಯಂ ಬ್ಯಾಟರಿ ಇಡುವ ಕ್ರಮ ಇದಕ್ಕೆ ಉಲ್ಟಾ. ತಿಂಗಳುಗಟ್ಟಲೆ ಮೆಷಿನ್ ಮುಟ್ಟುವುದಿಲ್ಲ ಅಂದರೆ ಬ್ಯಾಟರಿಯನ್ನು ತುಂಬಿಸಿ ಇಡಬೇಡಿ, ಪೂರ್ತಿ ಖಾಲಿಯಾಗಿಯೂ ಇಡಬೇಡಿ. ನಾಲ್ಕು ದೀಪದಲ್ಲಿ ಎರಡು ಉರಿಯುವ ಹಾಗೆ, ಅರ್ಧ ಚಾರ್ಜಿನಲ್ಲಿ ಇಡಿ. ಶೀಟ್ ಹೊದಿಸಿದ ಷೆಡ್ಡಿನಲ್ಲಿ ಬೇಡ, ಏಪ್ರಿಲ್ ತಿಂಗಳಲ್ಲಿ ಅದು ಕಾದ ಕಾವಲಿ. ಮನೆಯೊಳಗೆ, ತಂಪಾದ ಕಪಾಟಿನಲ್ಲಿಡಿ. ಹುಲ್ಲು ಕತ್ತರಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ. ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಅರ್ಧ ಗಂಟೆ ಬಿಡಿ. ಕಾಫಿ ಕುಡಿದು ಬರುವಷ್ಟು ಹೊತ್ತು ಸಾಕು.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಅದು ಜಜ್ಜಿ ಬೆಂಕಿ ಹತ್ತುತ್ತದೆ, ಅಲ್ಲಿ ಕೆಲಸ ಮಾಡುವವರು ನಮ್ಮ ಹಾಗೇ ಮನುಷ್ಯರು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಜವಾಬ್ದಾರಿ ತಯಾರಿಸಿದವರದು. ಹೊಸದು ಕೊಳ್ಳುವಾಗ ಹಳೆಯದನ್ನು ಒಯ್ಯಿರಿ, ತೆಗೆದುಕೊಳ್ಳಿ ಅಂತ ಕೇಳಿ. ಒಯ್ಯುವ ಮೊದಲು ಬ್ಯಾಟರಿಯ ಟರ್ಮಿನಲ್‌ಗಳಿಗೆ ಇನ್ಸುಲೇಷನ್ ಟೇಪು ಸುತ್ತಿ.

ಕಡೆಯದಾಗಿ ಒಂದು ಮಾತು. ಪೆಟ್ರೋಲ್ ಮೆಷಿನ್ ಓಡುತ್ತಿದೆ ಅಂತ ಸದ್ದಿನಿಂದ ಗೊತ್ತಾಗುತ್ತಿತ್ತು. ಬ್ಯಾಟರಿ ಮೆಷಿನ್ ಸುಮ್ನೆ ನಿಂತಿರುತ್ತದೆ. ಹೋದ ವರ್ಷ ನಮ್ಮ ಅಂಗಡಿ ಹುಡುಗ ಬ್ಲೇಡಿಗೆ ಸಿಕ್ಕಿದ್ದ ಹುಲ್ಲು ಕೆರೆಯಲು ಮೆಷಿನ್ ಮಗುಚಿದ. ಬ್ಯಾಟರಿ ಒಳಗೇ ಇತ್ತು. ಹ್ಯಾಂಡಲ್ ಗೋಡೆಗೆ ಒತ್ತಿಕೊಂಡಿತು, ಬ್ಲೇಡು ಅರ್ಧ ಸುತ್ತು ತಿರುಗಿತು. ತೋರುಬೆರಳಿಗೆ ನಾಲ್ಕು ಹೊಲಿಗೆ. ಈಗ ಅವನು ಯಾವ ಮೆಷಿನ್ ಬಂದರೂ ಮೊದಲು ಬ್ಯಾಟರಿ ಎಳೆದು ನನ್ನ ಮೇಜಿನ ಮೇಲೆ, ಆ ತಕ್ಕಡಿ ಪಕ್ಕದಲ್ಲಿ ಇಡುತ್ತಾನೆ. ಆಮೇಲೆ ಮೆಷಿನ್ ಮಗುಚುತ್ತಾನೆ. ನೀವೂ ಹಾಗೇ ಮಾಡಿ.

ನಮಸ್ಕಾರ.