ಕಾಲನಿರ್ಣಯದ ಮೇಲಿನ ಕಪ್ಪು ಚುಕ್ಕೆಗಳು

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯಲ್ಲಿರುವ ನನ್ನ ತಂಗಿ ಕೆಲವು ದಿನ ಏನೂ ತಿನ್ನದೆ ಬೆಳಗಿನ ಮುಂಬಯಿ ಲೋಕಲ್ ರೈಲು ಹತ್ತುತ್ತಿದ್ದಳು. ದಾದರ್ ಬರುವುದರೊಳಗೆ ಹೊಟ್ಟೆ ಹಿಂಡಿದರೆ ಆ ಗರ್ದಿಯಲ್ಲಿ ಎಲ್ಲಿಗೆ ಹೋಗುವುದು? ಸಂಡಾಸಿಗೆ ಕೂತರೆ ಬಾಗಿಲ ಚಿಲಕ ಹಿಡಿದು ಅಳುವಷ್ಟು ನೋವು. "ಗ್ಯಾಸ್ ಇರಬೇಕು, ಓಂಕಾಳಿನ ಕಷಾಯ ಕುಡಿ" ಅಂದವಳು ನಾನೇ. ಡಾಕ್ಟರು ಐಬಿಎಸ್, ಅಂದರೆ ಕರುಳು ಕೆರಳುವ ತೊಂದರೆ, ಅಂದರು. ಕ್ಯಾಮೆರಾ ನಳಿಗೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೊಸ್ಕೋಪಿಯೂ ಆಯ್ತು. ನಾರ್ಮಲ್.

ಆ ನಾರ್ಮಲ್ ನಂಬಿ ನಾವು ಸುಮ್ನೆ ಕೂತುಬಿಟ್ಟೆವು. ಆದರೆ ಇಂಥ ನೋವಿಗೆ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯೂ ಕಾರಣವಿರಬಹುದು. ಅದರಲ್ಲಿ ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆಲ್ಲೋ ಬೆಳೆಯುತ್ತದೆ. ಮುಟ್ಟಾಗುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಕೆಲವರಲ್ಲಿ ಕರುಳಿಗೂ ಹತ್ತುತ್ತದೆ, ಜಾಸ್ತಿ ಗುದನಾಳ ಮತ್ತು ಅದರ ಮೇಲಿನ ಭಾಗಕ್ಕೆ. ಅದು ಕರುಳಿನ ಹೊರಗೋಡೆಯಿಂದ ಒಳಕ್ಕೆ ಇಳಿಯುತ್ತದೆ. ಕೊಲೊನೊಸ್ಕೋಪಿ ನೋಡುವುದು ಒಳಮೈಯನ್ನು. ಅಲ್ಲಿಯವರೆಗೆ ಕಾಯಿಲೆ ಬರುವುದು ಅಪರೂಪ.

ದಾರಿ ತೋರಿಸಿದ್ದು ಅಡುಗೆಮನೆಯ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್. ಹಾಲಿನ ಲೆಕ್ಕದ ಪಕ್ಕದಲ್ಲೇ ತಂಗಿ ಮುಟ್ಟಿನ ದಿನಕ್ಕೆ ಕೆಂಪು ಗೆರೆ, ಸಂಡಾಸಿನ ನೋವಿಗೆ ಕಪ್ಪು ಚುಕ್ಕೆ ಹಾಕಿದಳು. ಮಲದಲ್ಲಿ ರಕ್ತ ಹೋದರೆ ಚುಕ್ಕೆಗೆ ಸುತ್ತು. ಮೂರು ತಿಂಗಳಲ್ಲಿ ಚುಕ್ಕೆಗಳೆಲ್ಲ ಕೆಂಪು ಗೆರೆಯ ಹತ್ತಿರವೇ ಗುಂಪುಗೂಡಿದ್ದವು. ಆ ಹಾಳೆಗಳನ್ನು ನೋಡಿದ ಸ್ತ್ರೀರೋಗ ತಜ್ಞೆ ಮರುಮಾತಿಲ್ಲದೆ ಸ್ಕ್ಯಾನ್ ಬರೆದುಕೊಟ್ಟರು. ಕೆಲವರಿಗೆ ನೋವು ತಿಂಗಳಿಡೀ ಇರುತ್ತದೆ. ಅವರೂ ಬರೆದಿಡಬೇಕು.

ಯೋನಿಯ ಮೂಲಕ ಮಾಡುವ ಸೋನೋಗ್ರಫಿ, ಇಲ್ಲವೇ ಎಂಆರ್‌ಐ, ಇವೆರಡರಲ್ಲಿ ಇದು ಕಾಣುತ್ತದೆ. ಆದರೆ ಈ ಕಾಯಿಲೆಯನ್ನೇ ಹುಡುಕಿ ಪಳಗಿದ ಕಣ್ಣು ಬೇಕು. ಮಾಮೂಲಿ ಸ್ಕ್ಯಾನ್‌ನಲ್ಲಿ ತಪ್ಪಿಹೋಗಬಹುದು. ಸ್ಕ್ಯಾನ್ ಸರಿಯಿದೆ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ. 2022ರ ಯುರೋಪಿನ ವೈದ್ಯರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಇನ್ನು ರಿಪೋರ್ಟ್. "ಕರುಳಿಗೆ ಅಂಟಿದೆ" ಎಂಬ ಒಂದು ಸಾಲು ಸಾಲದು. ಈ ಪದರ ಬೆಳೆದು ಆದ ಗಂಟು ಎಷ್ಟು ಮಿಲಿಮೀಟರ್, ಎಷ್ಟು ಗಂಟು, ಗುದದ್ವಾರದಿಂದ ಎಷ್ಟು ದೂರ, ಗೋಡೆಯಲ್ಲಿ ಎಷ್ಟು ಆಳ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಸರಿಯಿದೆಯಾ ಎಂದು ಕೇಳಿ ಬರೆಸಿಕೊಳ್ಳಿ. ನಾಚಿಕೆ ಬೇಡ. ಈ ಕಾಯಿಲೆಯನ್ನು ಅಳೆದು ದರ್ಜೆ ಬರೆಯುವ ಎನ್‌ಜಿಯಾನ್ ಎಂಬ ಪದ್ಧತಿಯಲ್ಲಿ ಗುದನಾಳದ ಗಂಟು 1 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಸಿ1, 3ರವರೆಗೆ ಸಿ2, ಮೇಲಾದರೆ ಸಿ3. ಆಪರೇಶನ್ ಮಾಡಬೇಕಾಗಿ ಬಂದರೆ ಕರುಳಿನ ಸರ್ಜನ್ ಜೊತೆಗಿರಬೇಕಾ ಅನ್ನುವುದನ್ನು ಈ ಅಳತೆಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ. ಎಂಆರ್‌ಐ ಸಿಡಿಯನ್ನು ಮರೆಯದೆ ಕೇಳಿ ತಗೊಳ್ಳಿ. ಎರಡನೇ ಡಾಕ್ಟರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.