ಬ್ರೇಕಿನ ಕೆಂಪು ದೀಪ: ಆಯಿಲ್ ಸುರಿಯುವ ಮೊದಲು ಇದನ್ನು ನೋಡಿ

[ದೃಶ್ಯ: ಕತ್ತಲು. ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ದೀಪವೊಂದೇ ಉರಿಯುತ್ತಿದೆ.]

ನಮಸ್ಕಾರ. ವೃತ್ತದ ನಡುವೆ ಆಶ್ಚರ್ಯಸೂಚಕ, ಅದರ ಎರಡೂ ಬದಿಗೆ ಬಾಗಿದ ಗೆರೆ. ಈ ಕೆಂಪು ದೀಪ ಹೊತ್ತಿಕೊಂಡರೆ ಬಹಳ ಜನ ಒಂದು ಬಾಟಲಿ ಬ್ರೇಕ್ ಆಯಿಲ್ ತಂದು ಸುರಿಯುತ್ತಾರೆ. ದೀಪ ಆರುತ್ತದೆ, ಮನಸ್ಸು ನಿರಾಳವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಎರಡು ವಾರವೂ ಆಗಿರಲಿಲ್ಲ, ಒಂದು ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಅದು ಕಾಲಿಗೆ ಎದುರು ಒತ್ತಡವನ್ನೇ ಕೊಡದೆ ಮೆತ್ತಗೆ ಕೆಳಗಿಳಿಯಿತು. ಎರಡು ಮೂರು ಸಲ ಒತ್ತಿದ ಮೇಲೆ ಹಿಡಿಯಿತು. ಕಾರು ನಿಂತಾಗ ನನ್ನ ಕೈ ನಡುಗುತ್ತಿತ್ತು. ಗ್ಯಾರೇಜಿನಲ್ಲಿ ಹಿಂದಿನ ಎಡ ಚಕ್ರದ ಡ್ರಮ್ ಬಿಚ್ಚಿದಾಗ ಒಳಗೆಲ್ಲ ಒದ್ದೆ. ಸಿಲಿಂಡರಿನ ರಬ್ಬರ್ ಸೀಲು ಹೋಗಿತ್ತು. ಆಯಿಲ್ ಡ್ರಮ್ಮಿನೊಳಗೇ ಸೋರುತ್ತಿದ್ದುದರಿಂದ ನೆಲದ ಮೇಲೆ ಒಂದು ಹನಿಯೂ ಕಂಡಿರಲಿಲ್ಲ. ಅದನ್ನು ಹೇಳುತ್ತಿದ್ದುದು ಆ ದೀಪವೊಂದೇ. ನಾನು ಆಯಿಲ್ ಸುರಿದು ಅದರ ಬಾಯಿ ಮುಚ್ಚಿಸಿದ್ದೆ. ಈ ವಿಡಿಯೋ ಮಾಡುತ್ತಿರುವುದು ಅದಕ್ಕಾಗಿಯೇ.

[ದೃಶ್ಯ: ಹ್ಯಾಂಡ್‌ಬ್ರೇಕ್ ಲಿವರ್ ಹತ್ತಿರದಿಂದ.]

ಮೊದಲು ಸುಲಭದ್ದನ್ನು ನೋಡಿಬಿಡೋಣ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಇದೇ ದೀಪ. ಲಿವರ್ ಒಂದೇ ಒಂದು ಹಲ್ಲು ಮೇಲೆ ಉಳಿದಿದ್ದರೂ ಉರಿಯಬಹುದು. ಪೂರ್ತಿ ಕೆಳಗಿಳಿಸಿ. ಆರಿತೇ, ಸರಿ. ಆದರೆ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಬಹಳ ದೂರ ಬಂದಿದ್ದರೆ ಹಿಂದಿನ ಚಕ್ರಗಳು ಕಾದಿರುತ್ತವೆ, ಸುಟ್ಟ ವಾಸನೆ ಬರುತ್ತದೆ. ನೀರು ಹಾಕಬೇಡಿ, ತಾನಾಗಿ ತಣಿಯಲು ಬಿಡಿ.

ಹಳದಿ ದೀಪದ ಮಾತು ಬೇರೆ. ಹಳದಿ ಬಣ್ಣದಲ್ಲಿ ಎಬಿಎಸ್ ಎಂದು ಉರಿದರೆ, ಚಕ್ರ ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಸಾಮಾನ್ಯ ಬ್ರೇಕ್ ಇರುತ್ತದೆ. ನಿಧಾನವಾಗಿ ಓಡಿಸಿಕೊಂಡು ಹೋಗಿ ತೋರಿಸಬಹುದು. ಆದರೆ ಕೆಂಪು ದೀಪವೂ ಎಬಿಎಸ್ ದೀಪವೂ ಒಟ್ಟಿಗೆ ಹೊತ್ತಿಕೊಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲವನ್ನು ಹಂಚಿಕೊಡುವ ಏರ್ಪಾಡೂ ಕೆಟ್ಟಿರಬಹುದು. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ಅಡ್ಡ ತಿರುಗಿಬಿಡಬಹುದು.

[ದೃಶ್ಯ: ಬಾನೆಟ್ ತೆರೆದಿದೆ. ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಬೆರಳು ಎರಡು ಗೆರೆಗಳನ್ನು ತೋರಿಸುತ್ತದೆ.]

ಹ್ಯಾಂಡ್‌ಬ್ರೇಕ್ ಇಳಿಸಿದರೂ ಕೆಂಪು ದೀಪ ಆರಲಿಲ್ಲ ಎಂದುಕೊಳ್ಳೋಣ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬಾನೆಟ್ ತೆರೆಯಿರಿ. ಇದು ಬ್ರೇಕ್ ಆಯಿಲ್ ಡಬ್ಬಿ. ಮೇಲೊಂದು ಮ್ಯಾಕ್ಸ್ ಗೆರೆ, ಕೆಳಗೊಂದು ಮಿನ್ ಗೆರೆ. ಎಷ್ಟೋ ಕಾರುಗಳಲ್ಲಿ ಇದರೊಳಗೆ ಅಯಸ್ಕಾಂತ ಕೂರಿಸಿದ ಒಂದು ಪುಟ್ಟ ತೇಲು ಇರುತ್ತದೆ. ಆಯಿಲ್ ಇಳಿದಂತೆ ತೇಲೂ ಇಳಿದು ಸ್ವಿಚ್ಚನ್ನು ಮುಟ್ಟುತ್ತದೆ, ದೀಪ ಹೊತ್ತುತ್ತದೆ. ತಿರುವಿನಲ್ಲಿ, ಏರಿನಲ್ಲಿ ಮಾತ್ರ ದೀಪ ಮಿನುಗಿ ಆರುತ್ತದೆಯೇ? ಆಯಿಲ್ ಸ್ವಿಚ್ಚಿನ ಮಟ್ಟದ ಹತ್ತಿರಕ್ಕೆ ಬಂದು ತುಳುಕುತ್ತಿದೆ ಎಂದು ತಿಳಿಯಿರಿ.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು: ಆ ಆಯಿಲ್ ಎಲ್ಲಿ ಹೋಯಿತು? ಪೆಟ್ರೋಲು ಉರಿದು ಮುಗಿಯುತ್ತದೆ. ಇಂಜಿನ್ ಆಯಿಲ್ ಕೂಡ ಅಷ್ಟಿಷ್ಟು ಸುಡುತ್ತದೆ. ಬ್ರೇಕ್ ಆಯಿಲ್ ಹಾಗಲ್ಲ. ಪೆಡಲಿನಿಂದ ಚಕ್ರದವರೆಗೆ ಮುಚ್ಚಿದ ಕೊಳವೆಯಲ್ಲೇ ಇರುತ್ತದೆ, ಖರ್ಚಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಒಂದೋ ಚಕ್ರದ ಬಳಿ ಸೇರಿಕೊಂಡಿದೆ, ಇಲ್ಲವೇ ಹೊರಗೆ ಸೋರಿದೆ.

ಚಕ್ರದ ಬಳಿ ಸೇರುವುದು ಹೇಗೆ? ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವುದು ಬ್ರೇಕ್ ಪ್ಯಾಡ್. ಅದು ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಮುಂದಕ್ಕೆ ಸರಿಯುತ್ತದೆ. ಅದರ ಹಿಂದೆ ಉಂಟಾದ ಜಾಗವನ್ನು ಆಯಿಲ್ ತುಂಬುತ್ತದೆ. ಲೆಕ್ಕ ಹಾಕಿ ನೋಡೋಣ. ಪಿಸ್ಟನ್ನಿನ ಅಡ್ಡಳತೆ 54 ಮಿಲಿಮೀಟರ್ ಇದೆ, ಎರಡು ಪ್ಯಾಡುಗಳೂ ತಲಾ 8 ಮಿಲಿಮೀಟರ್ ಸವೆದಿವೆ ಎಂದಿಟ್ಟುಕೊಳ್ಳಿ. ಪ್ಯಾಡುಗಳನ್ನೂ ಪಿಸ್ಟನ್ನನ್ನೂ ಹಿಡಿದಿಡುವ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಒಂದೇ ಬದಿಯಲ್ಲಿ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಅದು ಒಟ್ಟು 16 ಮಿಲಿಮೀಟರ್ ಸರಿದಿರುತ್ತದೆ. ಒಂದು ಚಕ್ರಕ್ಕೆ ಸುಮಾರು 36 ಮಿಲಿಲೀಟರ್, ಮುಂದಿನ ಎರಡೂ ಚಕ್ರ ಸೇರಿ 70ಕ್ಕಿಂತ ಹೆಚ್ಚು. ಈ ಸಣ್ಣ ಡಬ್ಬಿಯಲ್ಲಿ ಆಯಿಲ್ ಎದ್ದು ಕಾಣುವಷ್ಟು ಇಳಿಯಲು ಅಷ್ಟೇ ಸಾಕು. ಎಲ್ಲಿಯೂ ಸೋರದೆ ದೀಪ ಹೊತ್ತಿದರೆ ಎಷ್ಟೋ ಸಲ ಅದರ ಅರ್ಥ ಒಂದೇ, ಪ್ಯಾಡ್ ಬದಲಿಸುವ ಕಾಲ ಬಂದಿದೆ. ಹೊಸ ಪ್ಯಾಡಿನ ದಪ್ಪ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್. 3ರ ಹತ್ತಿರ ಬಂದರೆ ಬದಲಿಸಲೇಬೇಕು. ಆಗ ಆಯಿಲ್ ಸುರಿದಿರೋ, ಪ್ಯಾಡ್ ಸವೆದ ಸುದ್ದಿ ಮುಚ್ಚಿಹೋಗುತ್ತದೆ. ಆಮೇಲೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ಡಬ್ಬಿ ತುಂಬಿ ಹೊರಚೆಲ್ಲುತ್ತದೆ, ತಾಗಿದ ಕಡೆ ಕಾರಿನ ಬಣ್ಣ ಎದ್ದುಹೋಗುತ್ತದೆ.

[ದೃಶ್ಯ: ಚಕ್ರದ ಒಳಬದಿ, ಟಾರ್ಚ್ ಬೆಳಕು. ಜಿಡ್ಡಿನ ಕಲೆ.]

ಸೋರಿಕೆ ಹುಡುಕಲು ನಾಲ್ಕೂ ಚಕ್ರಗಳ ಒಳಬದಿಗೆ ಟಾರ್ಚ್ ಬಿಡಿ. ಕಾರಿನ ಅಡಿಗೆ ತೂರಬೇಡಿ, ಹೊರಗಿನಿಂದಲೇ ನೋಡಿ. ಎಸಿಯಿಂದ ತೊಟ್ಟಿಕ್ಕುವ ನೀರು ಒಣಗಿದರೆ ಗುರುತೂ ಇರುವುದಿಲ್ಲ. ಬ್ರೇಕ್ ಆಯಿಲ್ ಜಾರುತ್ತದೆ, ತಿಳಿಹಳದಿಯಿಂದ ಕಂದು ಬಣ್ಣದವರೆಗೆ ಇರುತ್ತದೆ. ಬೆರಳಿಗೆ ಹತ್ತಿದರೆ ತೊಳೆದುಕೊಳ್ಳಿ.

ಆಮೇಲೆ ಪೆಡಲ್ ಪರೀಕ್ಷೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕ್. ಇಂಜಿನ್ ಓಡುತ್ತಿರಲಿ. ಪೆಡಲನ್ನು ಗಟ್ಟಿಯಾಗಿ ಒತ್ತಿ, ಹಾಗೇ ಹಿಡಿದು ಮೂವತ್ತರವರೆಗೆ ಎಣಿಸಿ. ಪಾದ ಇದ್ದಲ್ಲೇ ನಿಂತಿರಬೇಕು. ಅದು ನಿಧಾನವಾಗಿ, ಒದ್ದೆ ಮಣ್ಣಿನಲ್ಲಿ ಹೂತುಹೋಗುವಂತೆ ಕೆಳಗಿಳಿದರೆ ಒತ್ತಡ ಎಲ್ಲೋ ಸೋರುತ್ತಿದೆ: ಹೊರಗೆ ಕೊಳವೆಯಲ್ಲಿ, ಇಲ್ಲವೇ ಒಳಗೆ, ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಲ್ಲಿ. ಪೆಡಲ್ ಇಳಿದರೂ, ಎಲ್ಲಾದರೂ ಒದ್ದೆ ಕಂಡರೂ ಆ ಕಾರನ್ನು ಓಡಿಸಬೇಡಿ. ಹತ್ತಿರದಲ್ಲೇ ಗ್ಯಾರೇಜ್ ಇದೆ ಎಂಬ ಆಸೆಗೂ ಬೀಳಬೇಡಿ. ಟೋ ಮಾಡಿಸಿ.

ಒಂದು ಕೊಳವೆ ಒಡೆದರೂ ಕಾರು ಪೂರ್ತಿ ಕೈಬಿಡುವುದಿಲ್ಲ, ಏಕೆಂದರೆ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪ್ರತ್ಯೇಕ ಭಾಗಗಳಿವೆ. ಒಂದು ಖಾಲಿಯಾದರೆ ಇನ್ನೊಂದು ಉಳಿದ ಚಕ್ರಗಳನ್ನು ಹಿಡಿಯುತ್ತದೆ. ಆದರೆ ಪೆಡಲ್ ಬಹಳ ಕೆಳಗೆ ಹೋಗುತ್ತದೆ, ನಿಲ್ಲಲು ದೂರ ಹೆಚ್ಚು ಬೇಕಾಗುತ್ತದೆ. ಓಡುತ್ತಿರುವಾಗಲೇ ಹೀಗಾದರೆ ಪೆಡಲನ್ನು ಬೇಗ ಬೇಗ ಒತ್ತಿ ಬಿಡಿ, ಹಜಾರ್ಡ್ ದೀಪ ಹಾಕಿ, ಒಂದೊಂದೇ ಗೇರ್ ಇಳಿಸಿ. ಲಿವರ್ ಇರುವ ಹ್ಯಾಂಡ್‌ಬ್ರೇಕ್ ಆದರೆ ತುದಿಯ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಂದೇ ಸಲ ಎಳೆದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಇಂಜಿನ್ ಆರಿಸಬೇಡಿ. ಆರಿಸಿದರೆ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ.

[ದೃಶ್ಯ: ಡಬ್ಬಿಯ ಮುಚ್ಚಳದ ಮೇಲಿನ ಬರಹ.]

ಕಾರಣ ಸರಿಪಡಿಸಿದ ಮೇಲೆ ಆಯಿಲ್. ನಮ್ಮ ಬಾಯಲ್ಲಿ ಬ್ರೇಕ್ ಆಯಿಲ್ ಎಂದೇ ಬರುತ್ತದೆ, ಆದರೆ ಹೆಚ್ಚಿನ ಕಾರುಗಳಲ್ಲಿ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಆಧಾರಿತ ದ್ರವ. ಹೆಸರಿಗೆ ಮೋಸಹೋಗಿ ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಸಿಲಿಕೋನ್ ದ್ರವ, ಇವುಗಳೊಂದಿಗೆ ಬೆರೆಸಬಾರದು. ಬಾಟಲಿ ಹೊಸದಾಗಿರಲಿ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಸೇರಿದ ದ್ರವಕ್ಕೆ ಆ ಮಿತಿ 155 ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲ್ ಸಪ್ಪಗಾಗುತ್ತದೆ. ಅದಕ್ಕೇ ಮಟ್ಟ ಸರಿಯಿದ್ದರೂ ಎಷ್ಟೋ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲು ಹೇಳಿರುತ್ತಾರೆ.

[ದೃಶ್ಯ: ಕೀಲಿ ತಿರುಗುತ್ತದೆ. ದೀಪಗಳೆಲ್ಲ ಹೊತ್ತಿ, ಒಂದೊಂದಾಗಿ ಆರುತ್ತವೆ.]

ಇಗ್ನಿಷನ್ ಹಾಕಿದಾಗ ಈ ಕೆಂಪು ದೀಪ ಒಮ್ಮೆ ಹೊತ್ತಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬೋ ವೈರೋ ಹೋಗಿದೆ, ನಾಳೆ ಆಯಿಲ್ ಸೋರಿದರೂ ನಿಮಗೆ ತಿಳಿಯುವುದಿಲ್ಲ. ನಾನೀಗ ಪ್ರತಿದಿನ ಕೀಲಿ ತಿರುಗಿಸಿ ಆ ದೀಪ ಹೊತ್ತುವುದನ್ನು ನೋಡಿಯೇ ಇಂಜಿನ್ ಶುರು ಮಾಡುತ್ತೇನೆ.

ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿಕೊಂಡು ಹೊರಡುತ್ತಿದ್ದೀರಿ ಎಂದಾದರೆ ಕಾರು ನಿಂತಲ್ಲೇ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ. ಪಿಸ್ಟನ್‌ಗಳು ಹಿಂದಕ್ಕೆ ಸರಿದಿರುತ್ತವೆ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟಬಹುದು. ಅದು ಕಾಲಿಗೆ ಗಟ್ಟಿಯಾಗಿ ಸಿಕ್ಕ ಮೇಲೆ ಗೇರ್ ಹಾಕಿ.